ಉಬ್ಬಸವೆಂದು ಕೊಟ್ಟ ಇನ್ಹೇಲರ್, ಎಕೋದಲ್ಲಿ ಕಂಡ ಕವಾಟದ ಕಾಯಿಲೆ

ಪ್ರಶ್ನೆ: ನನ್ನ ತಂಗಿಗೆ 27 ವರ್ಷ. ಎರಡು ವರ್ಷದಿಂದ ಮೆಟ್ಟಿಲು ಹತ್ತಿದರೆ, ಬಿಂದಿಗೆ ಹೊತ್ತರೆ ಏದುಸಿರು. ರಾತ್ರಿ ಮಲಗಿದ ಮೇಲೆ ಕೆಮ್ಮು ಬಂದು ಎದ್ದು ಕೂರುತ್ತಾಳೆ. ಉಬ್ಬಸ ಎಂದು ಇನ್ಹೇಲರ್ ಕೊಟ್ಟಿದ್ದರು, ಹೆಚ್ಚೇನೂ ಗುಣ ಕಾಣಲಿಲ್ಲ. ಹೋದ ತಿಂಗಳು ದಾವಣಗೆರೆಯಲ್ಲಿ ಎಕೋ (ಹೃದಯದ ಸ್ಕ್ಯಾನಿಂಗ್) ಮಾಡಿಸಿದಾಗ 'ರುಮ್ಯಾಟಿಕ್ ಹಾರ್ಟ್ ಡಿಸೀಸ್, ಸಿವಿಯರ್ ಮೈಟ್ರಲ್ ಸ್ಟೆನೋಸಿಸ್, ವಾಲ್ವ್ ಏರಿಯಾ 0.9, ಇಎಫ್ 60%' ಎಂದು ಬಂದಿದೆ. ಅವಳಿಗೆ ಬಿಪಿ, ಶುಗರ್ ಯಾವುದೂ ಇಲ್ಲ. ಇದು ಹೇಗೆ ಬಂತು? ಇಎಫ್ ಚೆನ್ನಾಗಿದೆ ಎನ್ನುತ್ತಾರೆ, ಹಾಗಾದರೆ ಹೃದಯ ಚೆನ್ನಾಗಿದೆ ಎಂದಲ್ಲವೇ? ಆಂಜಿಯೋಗ್ರಾಂ ಮಾಡಿಸಬೇಕೇ? ಅವಳಿಗೆ ಮಗು ಬೇಕೆಂಬ ಆಸೆ ಬಹಳ. 68 ವರ್ಷದ ನಮ್ಮ ತಂದೆಗೂ ಒಮ್ಮೆ 'ವಾಲ್ವ್‌ನಲ್ಲಿ ಕ್ಯಾಲ್ಸಿಯಂ ಕಟ್ಟಿದೆ' ಎಂದಿದ್ದರು. ಇದು ವಂಶದಲ್ಲೇ ಬಂದಿರಬಹುದೇ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ.
(ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಎಲ್ಲಕ್ಕಿಂತ ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ, ಅದನ್ನು ಮುಂದೂಡುವಂತಿಲ್ಲ. ಕವಾಟ ಇಷ್ಟು ಕಿರಿದಾಗಿರುವಾಗ ನಿಮ್ಮ ತಂಗಿ ಗರ್ಭಿಣಿಯಾಗಬಾರದು. ಕವಾಟಕ್ಕೆ ಚಿಕಿತ್ಸೆ ಆದ ಮೇಲೆ ಆಗಬಹುದು, ಹಾಗೆ ಆಗಿ ಆರೋಗ್ಯವಂತ ಮಕ್ಕಳನ್ನು ಹೆತ್ತ ಹೆಣ್ಣುಮಕ್ಕಳು ಬಹಳ ಜನ ಇದ್ದಾರೆ. ಅವಳ ಆಸೆಗೆ ಯಾರೂ ಕಲ್ಲು ಹಾಕುತ್ತಿಲ್ಲ, ಆದರೆ ಮೊದಲು ಕವಾಟ, ಆಮೇಲೆ ಮಗು. ಈ ತಿಂಗಳು ಮುಟ್ಟು ತಡವಾಗಿದ್ದರೆ ಇವತ್ತೇ ಪರೀಕ್ಷೆ ಮಾಡಿಸಿ, ವೈದ್ಯರಿಗೆ ತಿಳಿಸಿ.

ಇನ್ನು ಇದು ಬಂದದ್ದು ಹೇಗೆ ಎಂಬುದು. ನಮ್ಮಲ್ಲಿ ಹೃದಯದ ಕಾಯಿಲೆ ಎಂದರೆ ಎಲ್ಲರ ಮನಸ್ಸಿಗೆ ಬರುವುದು 'ಬ್ಲಾಕ್' ಒಂದೇ. ಅದು ಹೃದಯದ ಮಾಂಸಕ್ಕೆ ರಕ್ತ ಕೊಡುವ ನಾಳಗಳ ಕಾಯಿಲೆ. ಬಿಪಿ, ಶುಗರ್, ಬೀಡಿ ಸಿಗರೇಟು, ಕೊಬ್ಬು ಇವೆಲ್ಲ ಅಲ್ಲಿನ ಮಾತು. ನಿಮ್ಮ ತಂಗಿಯದು ಬೇರೆಯೇ ದಾರಿ. ಹೃದಯದ ನಾಲ್ಕು ಕೋಣೆಗಳಲ್ಲಿ ರಕ್ತ ಒಂದೇ ದಿಕ್ಕಿಗೆ ಹರಿಯುವಂತೆ ನೋಡಿಕೊಳ್ಳುವ ನಾಲ್ಕು ಕವಾಟಗಳಿವೆ. ಎಡಗಡೆಯ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ಇರುವುದು ಮೈಟ್ರಲ್ ಕವಾಟ. ಅದು ಹಾಳಾಗಿದೆ. ಹಾಳಾಗಲು ಶುರುವಾದದ್ದು ಎರಡು ವರ್ಷದ ಹಿಂದಲ್ಲ, ಬಹುಶಃ ಅವಳು ಶಾಲೆಗೆ ಹೋಗುತ್ತಿದ್ದಾಗ. ಕಾರಣ ಒಂದು ಗಂಟಲು ನೋವು.

ನಂಬಲು ಕಷ್ಟ, ಗೊತ್ತು. ಗಂಟಲಿಗೆ ಸೋಂಕು ತರುವ ರೋಗಾಣುಗಳಲ್ಲಿ ಗ್ರೂಪ್ ಎ ಸ್ಟ್ರೆಪ್ಟೋಕಾಕಸ್ ಎಂಬುದೊಂದಿದೆ. ಅದರ ಮೈಮೇಲಿನ ಪ್ರೋಟೀನಿಗೂ ನಮ್ಮ ಹೃದಯದ ಅಂಗಾಂಶದ ಪ್ರೋಟೀನಿಗೂ ಹೋಲಿಕೆ ಇದೆ. ರೋಗಾಣುವನ್ನು ಹೊಡೆಯಲು ದೇಹ ತಯಾರಿಸಿದ ಪ್ರತಿಕಾಯಗಳು ಈ ಹೋಲಿಕೆಯಿಂದ ದಾರಿ ತಪ್ಪಿ, ಎರಡು ಮೂರು ವಾರ ಕಳೆದ ಮೇಲೆ ಸ್ವಂತ ಕೀಲು, ಹೃದಯ, ಮೆದುಳಿನ ಮೇಲೂ ತಿರುಗುತ್ತವೆ. ಅದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಲ್ಲಿ ಹೆಚ್ಚು. ಮೊಣಕಾಲು ಊದಿ ನೋವು, ಎರಡು ದಿನಕ್ಕೆ ಅದು ಇಳಿದು ಕಣಕಾಲಿಗೆ, ಅಲ್ಲಿಂದ ಮೊಣಕೈಗೆ ಹೀಗೆ ಓಡಾಡುವ ನೋವು ಇದರ ಗುರುತು. ಕೆಲವು ಮಕ್ಕಳು, ಅದರಲ್ಲೂ ಹುಡುಗಿಯರು, ಕೈಕಾಲು ತಮ್ಮಷ್ಟಕ್ಕೆ ಕುಣಿದಂತೆ ಆಡಿಸತೊಡಗುತ್ತಾರೆ, ಅಕ್ಷರ ಸೊಟ್ಟಗಾಗುತ್ತದೆ, ಲೋಟ ಕೈಜಾರುತ್ತದೆ. ಮನೆಯವರು ದೃಷ್ಟಿ ಎಂದೋ, ಶಾಲೆಯವರು ತುಂಟತನ ಎಂದೋ ಅಂದುಕೊಳ್ಳುತ್ತಾರೆ. ಅದಕ್ಕೆ ಸಿಡೆನ್‌ಹ್ಯಾಮ್ ಕೊರಿಯಾ ಎಂದು ಹೆಸರು. ಇದನ್ನು ಕಂಡ ತಕ್ಷಣ ಹೃದಯ ನೋಡಿಸಬೇಕು.

ಕೀಲು ನೋವು ಕೆಲವೇ ವಾರಗಳಲ್ಲಿ ಪೂರ್ತಿ ವಾಸಿಯಾಗುತ್ತದೆ, ಗುರುತೂ ಉಳಿಯುವುದಿಲ್ಲ. ಕವಾಟದ ಉರಿಯೂತ ಮಾತ್ರ ಒಳಗೇ ಉಳಿಯುತ್ತದೆ. ಮತ್ತೆ ಮತ್ತೆ ಗಂಟಲು ಸೋಂಕು ಬಂದ ಹಾಗೆಲ್ಲ ಅದು ಕೆರಳುತ್ತದೆ. ಕವಾಟದ ತೆಳು ಪದರಗಳು ದಪ್ಪವಾಗಿ, ಅಂಚುಗಳು ಒಂದಕ್ಕೊಂದು ಅಂಟಿಕೊಂಡು, ತೆರೆಯುವ ಜಾಗ ಕಿರಿದಾಗುತ್ತ ಹೋಗುತ್ತದೆ. ಅನೇಕ ರೋಗಿಗಳಿಗೆ ಬಾಲ್ಯದ ಆ ಜ್ವರ ನೆನಪೇ ಇರುವುದಿಲ್ಲ. ತಾಯಿಯನ್ನು ಕೇಳಿ ನೋಡಿ, 'ಎಂಟನೇ ಕ್ಲಾಸಿನಲ್ಲಿ ಒಂದು ಸಲ ಕಾಲು ಊದಿ ವಾರ ಮಲಗಿದ್ದಳು' ಎಂಬ ಮಾತು ಬಂದರೂ ಬರಬಹುದು. ಬರದಿದ್ದರೂ ರೋಗನಿರ್ಣಯ ಬದಲಾಗುವುದಿಲ್ಲ, ಎಕೋದಲ್ಲಿ ಕಾಣುವ ಕವಾಟದ ಆಕಾರವೇ ಸಾಕ್ಷಿ.

ಶ್ರೀಮಂತ ದೇಶಗಳಲ್ಲಿ ಮನೆಗಳು ದೊಡ್ಡದಾಗಿ, ಪೆನಿಸಿಲಿನ್ ಸುಲಭವಾಗಿ ಸಿಗುವಂತಾದ ಮೇಲೆ ಈ ಕಾಯಿಲೆ ಬಹುಮಟ್ಟಿಗೆ ಮಾಯವಾಯಿತು. ಅಲ್ಲಿ ಉಳಿದಿರುವುದು ವಯಸ್ಸಾದವರ ಕವಾಟದ ತೊಂದರೆಗಳು. ನಮ್ಮಲ್ಲಿ ಇದು ಹರೆಯದಲ್ಲೇ ತೀವ್ರವಾಗಿ ಕಾಣಿಸಿಕೊಳ್ಳುತ್ತದೆ. 1963ರಲ್ಲೇ ದೆಹಲಿಯ ಏಮ್ಸ್‌ನ ಡಾ. ಸುಜೊಯ್ ಬಿ. ರಾಯ್ ಮತ್ತು ಜೊತೆಗಾರರು, ಭಾರತದಲ್ಲಿ ಇಪ್ಪತ್ತು ತುಂಬುವ ಮೊದಲೇ ಮೈಟ್ರಲ್ ಕವಾಟ ಕಿರಿದಾದವರು ಇದ್ದಾರೆಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ಅಷ್ಟು ವರ್ಷ ಕಳೆದರೂ ನಮ್ಮ ಹೊರರೋಗಿ ವಿಭಾಗದಲ್ಲಿ ಸಾಲಿನಲ್ಲಿ ನಿಂತಿರುವ ಯುವತಿಯರನ್ನು ನೋಡಿದರೆ ಸಂಕಟವಾಗುತ್ತದೆ. ಈ ಕಾಯಿಲೆ ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು. ತಪ್ಪಿಸಬಹುದಾಗಿದ್ದ ಕಾಯಿಲೆ ಎಂಬುದೇ ಹೆಚ್ಚು ನೋವಿನ ವಿಷಯ.

ಏದುಸಿರಿಗೂ ಕವಾಟಕ್ಕೂ ಏನು ಸಂಬಂಧ? ಆರೋಗ್ಯವಂತರ ಮೈಟ್ರಲ್ ಕವಾಟ 4ರಿಂದ 6 ಚದರ ಸೆಂಟಿಮೀಟರ್ ತೆರೆಯುತ್ತದೆ. 1.5ಕ್ಕೆ ಇಳಿದರೆ ತೀವ್ರ ಎನ್ನುತ್ತೇವೆ, 1ಕ್ಕಿಂತ ಕಡಿಮೆಯಾದರೆ ಅತಿ ತೀವ್ರ. ನಿಮ್ಮ ತಂಗಿಯದು 0.9. ಕೆರೆಯ ತೂಬು ಅರ್ಧ ಮುಚ್ಚಿದರೆ ಕೆಳಗಿನ ಗದ್ದೆಗೆ ನೀರು ಸಾಲದೆ, ಮೇಲೆ ನೀರು ನಿಂತು ಏರಿ ಮೇಲ್ದಂಡೆಯ ಹೊಲಕ್ಕೆ ನುಗ್ಗುತ್ತದಲ್ಲ, ಹಾಗೆಯೇ ಇದು. ಕವಾಟದ ಹಿಂದೆ ಇರುವುದು ಎಡ ಮೇಲ್ಕೋಣೆ, ಅದರ ಹಿಂದೆ ಶ್ವಾಸಕೋಶ. ಒತ್ತಡ ಹಿಂದಕ್ಕೆ ಏರಿದಾಗ ಶ್ವಾಸಕೋಶದಲ್ಲಿ ನೀರು ಜಿನುಗುತ್ತದೆ. ಅದೇ ಏದುಸಿರು, ಅದೇ ರಾತ್ರಿಯ ಕೆಮ್ಮು.

ಇಲ್ಲಿ ಒಂದು ಸೂಕ್ಷ್ಮ ಇದೆ. ಈ ಕವಾಟದ ಮೂಲಕ ರಕ್ತ ಇಳಿಯುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಹೃದಯ ವೇಗವಾಗಿ ಬಡಿದಷ್ಟೂ ಆ ಬಿಡುವು ಕಡಿಮೆಯಾಗುತ್ತದೆ. ಆದ್ದರಿಂದಲೇ ಕೂತಿದ್ದಾಗ ಏನೂ ಇಲ್ಲದವರು ಮೆಟ್ಟಿಲು ಹತ್ತಿದರೆ, ಜ್ವರ ಬಂದರೆ, ಮದುವೆ ಮನೆಯಲ್ಲಿ ಓಡಾಡಿದರೆ, ರಕ್ತಹೀನತೆ ಇದ್ದರೆ ಕುಸಿಯುತ್ತಾರೆ. ಗರ್ಭಿಣಿಯಲ್ಲಿ ದೇಹದ ರಕ್ತದ ಪ್ರಮಾಣ ಸುಮಾರು 40ರಿಂದ 50% ಏರುತ್ತದೆ, ಬಡಿತವೂ ಏರುತ್ತದೆ. ಕಿರಿದಾದ ಕವಾಟ ಅದನ್ನು ತಾಳದು. ಐದಾರು ತಿಂಗಳಾಗುವ ಹೊತ್ತಿಗೆ ದಮ್ಮು ಕಟ್ಟಿ ಆಸ್ಪತ್ರೆಗೆ ಬಂದು, ಅಲ್ಲಿ ಮೊದಲ ಬಾರಿಗೆ ಈ ಕಾಯಿಲೆ ಗೊತ್ತಾಗುವುದು ನಮ್ಮಲ್ಲಿ ಅಪರೂಪವಲ್ಲ. ಹೆರಿಗೆಯ ಸಮಯ ಮತ್ತು ಹೆರಿಗೆಯಾದ ಮೊದಲ ಒಂದೆರಡು ದಿನ ಅತಿ ಅಪಾಯದವು. ಮೊದಲೇ ಅಷ್ಟು ಖಡಾಖಂಡಿತವಾಗಿ ಹೇಳಿದ್ದು ಈ ಕಾರಣಕ್ಕೆ.

ಉಬ್ಬಸ ಎಂದದ್ದಕ್ಕೆ ಆ ವೈದ್ಯರನ್ನು ದೂರುವ ಮೊದಲು ಒಂದು ಮಾತು. ಶ್ವಾಸಕೋಶದಲ್ಲಿ ನೀರು ತುಂಬಿದಾಗ ಉಬ್ಬಸದ ಹಾಗೇ ಸುಂಯ್ ಶಬ್ದ ಬರುತ್ತದೆ. ಕೆಲವರಿಗೆ ಕಫದಲ್ಲಿ ರಕ್ತ ಬಂದು, ಕ್ಷಯ ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗಿದ ಉದಾಹರಣೆಗಳೂ ಇವೆ. ಆದರೆ ವ್ಯತ್ಯಾಸ ಹಿಡಿಯಲು ದಾರಿ ಇದೆ. ಚಪ್ಪಟೆಯಾಗಿ ಮಲಗಲಾಗದೆ ಎರಡು ಮೂರು ದಿಂಬು ಬೇಕಾಗುವುದು, ನಿದ್ದೆ ಹತ್ತಿ ಒಂದೆರಡು ಗಂಟೆಯಾದ ಮೇಲೆ ಉಸಿರು ಕಟ್ಟಿದಂತಾಗಿ ಎದ್ದು ಕಿಟಕಿಯ ಬಳಿ ಕೂರುವುದು, ಎದೆ ಡವಡವ ಎಂದು ತಾಳ ತಪ್ಪಿ ಬಡಿಯುವುದು, ಸಂಜೆ ಹೊತ್ತಿಗೆ ಕಾಲು ಊದುವುದು, ಧ್ವನಿ ಒಡೆಯುವುದು. ಇವುಗಳಲ್ಲಿ ಯಾವುದೇ ಇದ್ದರೂ ಹೃದಯವನ್ನು ನೋಡಲೇಬೇಕು. ಸಾಲ್ಬುಟಮಾಲ್‌ನಂಥ ಇನ್ಹೇಲರ್ ಹೃದಯದ ಬಡಿತವನ್ನು ಏರಿಸುತ್ತದೆ, ಈ ಕಾಯಿಲೆಯಲ್ಲಿ ಅದು ತೊಂದರೆಯನ್ನು ಹೆಚ್ಚಿಸಲೂಬಹುದು. ಅದನ್ನು ಮುಂದುವರಿಸಬೇಕೇ ಎಂದು ಹೃದ್ರೋಗ ತಜ್ಞರನ್ನು ಕೇಳಿ. ಚಿಕ್ಕ ವಯಸ್ಸಿನ ಹೆಣ್ಣುಮಗಳಿಗೆ ಹೊಸದಾಗಿ 'ಉಬ್ಬಸ' ಶುರುವಾಗಿ ಔಷಧಿಗೆ ಬಗ್ಗದಿದ್ದರೆ ಒಂದು ಎಕೋ ಮಾಡಿಸಿ ಎಂದು ನಾನು ಕಿರಿಯ ವೈದ್ಯರಿಗೆ ಹೇಳುತ್ತಲೇ ಇರುತ್ತೇನೆ. 'ರಕ್ತ ಕಡಿಮೆ', 'ಕೆಲಸ ಕಳ್ಳತನ', 'ಮದುವೆಯಾದ ಹೊಸತರ ಸಂಕೋಚ' ಎಂದು ಮನೆಯಲ್ಲೇ ತಳ್ಳಿಹಾಕಿದ ಏದುಸಿರಿಗೂ ಇದೇ ಮಾತು ಅನ್ವಯಿಸುತ್ತದೆ.

ಸ್ಟೆತೊಸ್ಕೋಪ್ ಇದ್ದರೆ ಸಾಲದೇ ಎಂದು ಕೇಳಬಹುದು. ರೋಗಿಯನ್ನು ಎಡ ಮಗ್ಗುಲಿಗೆ ಮಲಗಿಸಿ, ಸದ್ದಿಲ್ಲದ ಕೋಣೆಯಲ್ಲಿ, ಎದೆಯ ತುದಿಬಡಿತದ ಜಾಗದಲ್ಲಿ ಕಿವಿಗೊಟ್ಟರೆ ತಗ್ಗು ದನಿಯ ಗುಡುಗಿನಂಥ ಶಬ್ದ ಕೇಳುತ್ತದೆ, ಮೊದಲ ಬಡಿತ ಜೋರಾಗಿರುತ್ತದೆ. ಕೇಳಿಸಿಕೊಳ್ಳಲು ಅಭ್ಯಾಸ ಬೇಕು, ಸಮಯವೂ ಬೇಕು. ನೂರು ಜನ ಕಾಯುತ್ತಿರುವ ಓಪಿಡಿಯಲ್ಲಿ ಸೀರೆಯ ಸೆರಗಿನ ಮೇಲಿಂದಲೇ ಕೇಳಿ ಮುಗಿಸಿದರೆ ಸಿಗುವುದಿಲ್ಲ. ಆರಂಭದ ಹಂತವಂತೂ ಕಿವಿಗೆ ಸಿಗುವುದೇ ಕಷ್ಟ. ಕಾಂಬೋಡಿಯಾ ಮತ್ತು ಮೊಜಾಂಬಿಕ್‌ನ ಶಾಲಾಮಕ್ಕಳನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ಟೆತೊಸ್ಕೋಪ್ ಹಿಡಿದುಕೊಟ್ಟದ್ದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಮಕ್ಕಳಲ್ಲಿ ಎಕೋ ಈ ಕಾಯಿಲೆಯನ್ನು ತೋರಿಸಿತು. ಇಸಿಜಿ, ಎಕ್ಸ್‌ರೇಗಳಿಂದ ಸುಳಿವು ಸಿಗುತ್ತದೆ, ತೀರ್ಮಾನ ಸಿಗುವುದಿಲ್ಲ. ತೀರ್ಮಾನ ಎಕೋದ್ದೇ.

ಎಎಸ್‌ಓ ಎಂಬ ರಕ್ತ ಪರೀಕ್ಷೆಯ ಬಗ್ಗೆ ಎಚ್ಚರಿಸಬೇಕು, ಅದು ಎಷ್ಟೋ ಮನೆಗಳ ನೆಮ್ಮದಿ ಕೆಡಿಸಿದೆ. ಇತ್ತೀಚೆಗೆ ಸ್ಟ್ರೆಪ್ ಸೋಂಕು ಬಂದುಹೋಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಆರೋಗ್ಯವಾಗಿರುವ ಮಕ್ಕಳಲ್ಲೂ ಏರಿರಬಹುದು. ಬರೀ ಅದು ಏರಿದೆ, ಕಾಲು ನೋಯುತ್ತದೆ ಎಂದು ವರ್ಷಗಟ್ಟಲೆ ಪೆನಿಸಿಲಿನ್ ಚುಚ್ಚಿಸುವುದು ತಪ್ಪು. ರುಮ್ಯಾಟಿಕ್ ಜ್ವರವನ್ನು ನಿರ್ಧರಿಸಲು 1944ರಲ್ಲಿ ಡಕೆಟ್ ಜೋನ್ಸ್ ಹಾಕಿಕೊಟ್ಟ, 2015ರಲ್ಲಿ ಪರಿಷ್ಕರಿಸಿದ ಮಾನದಂಡಗಳಿವೆ. ಹಲವು ಲಕ್ಷಣಗಳು ಕೂಡಿಬರಬೇಕು. ನಿಮ್ಮ ತಂಗಿಯ ಈಗಿನ ಸ್ಥಿತಿಯಲ್ಲಿ ಎಎಸ್‌ಓ ಮಾಡಿಸಿ ಪ್ರಯೋಜನವೂ ಇಲ್ಲ.

ಇಎಫ್ ವಿಷಯ ಕೇಳಿದ್ದೀರಿ, ಕೇಳಿದ್ದು ಒಳ್ಳೆಯದಾಯಿತು. ಇಎಫ್ ಎಂದರೆ ಎಡ ಕೆಳಕೋಣೆ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಭಾಗ ಹೊರಗೆ ತಳ್ಳುತ್ತದೆ ಎಂಬ ಅಳತೆ. ಮೈಟ್ರಲ್ ಕವಾಟ ಕಿರಿದಾದಾಗ ತೊಂದರೆ ಇರುವುದು ಆ ಕೋಣೆಯ ಹಿಂದೆ. ತಳ್ಳುವ ಶಕ್ತಿ ಚೆನ್ನಾಗಿಯೇ ಇರುತ್ತದೆ, ತಳ್ಳಲು ಬರುವ ರಕ್ತವೇ ಕಡಿಮೆ. ಆದ್ದರಿಂದ ಇಎಫ್ 60% ಇದ್ದೂ ರೋಗಿ ಉಸಿರಾಡಲಾಗದೆ ಒದ್ದಾಡಬಹುದು. ರಿಪೋರ್ಟಿನಲ್ಲಿ ನೀವು ನೋಡಬೇಕಾದದ್ದು ಬೇರೆ: ಕವಾಟದ ವಿಸ್ತೀರ್ಣ, ಕವಾಟದ ಆಚೀಚೆಯ ಸರಾಸರಿ ಒತ್ತಡದ ವ್ಯತ್ಯಾಸ, ಶ್ವಾಸಕೋಶದ ರಕ್ತನಾಳದ ಒತ್ತಡ, ಕವಾಟ ಸೋರುತ್ತಿದೆಯೇ, ಕ್ಯಾಲ್ಸಿಯಂ ಎಷ್ಟು ಕಟ್ಟಿದೆ, ಎಡ ಮೇಲ್ಕೋಣೆಯಲ್ಲಿ ರಕ್ತದ ಹೆಪ್ಪು ಇದೆಯೇ. ಇವೆಲ್ಲ ಬರೆದಿರದಿದ್ದರೆ ಇನ್ನೊಮ್ಮೆ, ಕವಾಟದ ಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲಿ ಎಕೋ ಆಗಬೇಕು. ಮೊದಲ ಆಸ್ಪತ್ರೆಯ ಮೇಲೆ ಅನುಮಾನಪಟ್ಟು ಹೇಳುತ್ತಿಲ್ಲ. ಯಾವ ಚಿಕಿತ್ಸೆ ಎಂದು ನಿರ್ಧರಿಸುವವರು ತಮ್ಮ ಕಣ್ಣಿನಿಂದಲೇ ಕವಾಟವನ್ನು ನೋಡಬೇಕು.

ಆಂಜಿಯೋಗ್ರಾಂ ಈಗ ಬೇಕಿಲ್ಲ. ಅದು ಬ್ಲಾಕ್ ನೋಡುವ ಪರೀಕ್ಷೆ. ಈ ವಯಸ್ಸಿನ, ಬಿಪಿ ಶುಗರ್ ಇಲ್ಲದ ಹೆಣ್ಣುಮಗಳಿಗೆ ಸಾಮಾನ್ಯವಾಗಿ ಮಾಡುವುದಿಲ್ಲ. ಬೇಕಾಗುವುದು ಟಿಇಇ ಎಂಬ ಎಕೋ. ಬಾಯಿಯ ಮೂಲಕ ಅನ್ನನಾಳಕ್ಕೆ ಸಣ್ಣ ಕೊಳವೆ ಇಳಿಸಿ ಹೃದಯವನ್ನು ಹಿಂದಿನಿಂದ ನೋಡುತ್ತಾರೆ. ಸ್ವಲ್ಪ ಹೊತ್ತು ಓಕರಿಕೆ ಬರುತ್ತದೆ, ಗಂಟಲಿಗೆ ಮರಗಟ್ಟುವ ಔಷಧಿ ಹಾಕುತ್ತಾರೆ, ಹೆದರಬೇಕಿಲ್ಲ. ಮೇಲ್ಕೋಣೆಯ ಮೂಲೆಯಲ್ಲಿ ಅಡಗಿದ ಹೆಪ್ಪು ಎದೆಯ ಮೇಲಿನ ಎಕೋಗೆ ಕಾಣದಿರಬಹುದು, ಇದಕ್ಕೆ ಕಾಣುತ್ತದೆ. ಆ ಹೆಪ್ಪು ಜಾರಿ ಮೆದುಳಿಗೆ ಹೋದರೆ ಪಾರ್ಶ್ವವಾಯು. ಹೃದಯದ ತಾಳ ತಪ್ಪುವ ಎಟ್ರಿಯಲ್ ಫಿಬ್ರಿಲೇಶನ್ ಬಂದವರಲ್ಲಿ ಈ ಭಯ ಹೆಚ್ಚು. ಅವರಿಗೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅದೇ ಜಾತಿಯ ಮಾತ್ರೆ ಕೊಟ್ಟು, ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳುತ್ತೇವೆ. ಪದೇ ಪದೇ ರಕ್ತ ಪರೀಕ್ಷೆ ಬೇಡದ ಹೊಸ ಮಾತ್ರೆಗಳನ್ನು ಕೊಡಿ ಎಂದು ಕೇಳುವವರಿದ್ದಾರೆ. 2022ರಲ್ಲಿ ಬಂದ ಇನ್ವಿಕ್ಟಸ್ ಅಧ್ಯಯನ ರುಮ್ಯಾಟಿಕ್ ಕವಾಟದ ರೋಗಿಗಳಲ್ಲೇ ರಿವರೋಕ್ಸಬಾನ್ ಎಂಬ ಹೊಸ ಮಾತ್ರೆಯ ಜೊತೆ ಹೋಲಿಸಿ ನೋಡಿದಾಗ ಹಳೆಯ ಮಾತ್ರೆಯೇ ಮೇಲು ಎಂದು ಕಂಡಿತು.

ಕವಾಟ ಸೋರದೆ, ಹೆಪ್ಪು ಇಲ್ಲದೆ, ಗಡುಸಾಗದೆ ಇದ್ದರೆ ನಿಮ್ಮ ತಂಗಿಗೆ ಬಲೂನ್ ಚಿಕಿತ್ಸೆ ಸಾಕಾಗುತ್ತದೆ. ತೊಡೆಸಂದಿನ ರಕ್ತನಾಳದಿಂದ ಸಣ್ಣ ಕೊಳವೆ ಒಯ್ದು, ಕವಾಟದಲ್ಲಿ ಬಲೂನ್ ಊದಿ, ಅಂಟಿಕೊಂಡ ಅಂಚುಗಳನ್ನು ಬಿಡಿಸುತ್ತಾರೆ. ಎದೆ ಕೊಯ್ಯುವುದಿಲ್ಲ. ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೋವೆ 1982ರಲ್ಲಿ ಮೊದಲು ಮಾಡಿದ ಈ ವಿಧಾನ ನಮ್ಮಂಥ ದೇಶಗಳ ಯುವತಿಯರಿಗೆ ಸಿಕ್ಕ ದೊಡ್ಡ ಉಪಕಾರ ಎಂದೇ ನಾನು ತಿಳಿದಿದ್ದೇನೆ. ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿರುವ ಜಯದೇವ ಹೃದ್ರೋಗ ಸಂಸ್ಥೆಗೆ ಇದರಲ್ಲಿ ದೊಡ್ಡ ಅನುಭವ ಇದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಕಾರ್ಡು, ಆಧಾರ್ ಜೊತೆಗಿಟ್ಟುಕೊಂಡೇ ಹೋಗಿ, ಖರ್ಚಿನ ಹೆದರಿಕೆಯಿಂದ ದಿನ ತಳ್ಳಬೇಡಿ.

ಬಲೂನ್ ಆದ ಮೇಲೆ ಉಸಿರಾಟ ಹಗುರಾದದ್ದು ಅವಳಿಗೇ ಗೊತ್ತಾಗುತ್ತದೆ. ಹಾಗೆಂದು ಕಾಯಿಲೆ ಬುಡಸಮೇತ ಹೋಯಿತೆಂದಲ್ಲ, ವರ್ಷಗಳ ಮೇಲೆ ಕವಾಟ ಮತ್ತೆ ಕಿರಿದಾಗಬಹುದು. ವರ್ಷಕ್ಕೊಮ್ಮೆ ಎಕೋ ತಪ್ಪಿಸಬಾರದು. ಬಲೂನ್‌ಗೆ ಒಗ್ಗದ ಕವಾಟವಾದರೆ ಶಸ್ತ್ರಚಿಕಿತ್ಸೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ತಯಾರಿಸಿದ, 1990ರಲ್ಲಿ ಮೊದಲ ರೋಗಿಗೆ ಹಾಕಿದ ಚಿತ್ರಾ ಎಂಬ ಕೃತಕ ಕವಾಟ ನಮ್ಮ ದೇಶದ್ದೇ. ಲೋಹದ ಕವಾಟ ಹಾಕಿದರೆ ಜೀವನವಿಡೀ ವಾರ್ಫರಿನ್ ಬೇಕು, ಆ ಮಾತ್ರೆಯನ್ನು ಬಸಿರಿನ ಮೊದಲ ತಿಂಗಳುಗಳಲ್ಲಿ ತೆಗೆದುಕೊಂಡರೆ ಮಗುವಿಗೆ ತೊಂದರೆ, ಬಿಟ್ಟರೆ ತಾಯಿಗೆ ಪ್ರಾಣಾಪಾಯ. ಹೀಗಾಗಿ ಆಪರೇಷನ್ ಮಾತು ಬಂದರೆ 'ಇವಳಿಗೆ ಮಗು ಬೇಕು' ಎಂಬುದನ್ನು ಸರ್ಜನ್‌ಗೆ ಮೊದಲೇ ಹೇಳಬೇಕು. ಸಂಕೋಚಪಟ್ಟು ಗಂಡನ ಮನೆಯವರು ಹೇಳಲಿ ಎಂದು ಬಿಡಬೇಡಿ.

ಯಾವ ಚಿಕಿತ್ಸೆಯಾದರೂ 21 ದಿನಕ್ಕೊಮ್ಮೆಯ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ನಿಲ್ಲಬಾರದು. ಅವಳ ವಯಸ್ಸಿಗೆ 12 ಲಕ್ಷ ಯೂನಿಟ್. ಹೊಸ ಸ್ಟ್ರೆಪ್ ಸೋಂಕು ತಡೆದು ಕವಾಟ ಇನ್ನಷ್ಟು ಕೆಡದಂತೆ ಕಾಯುವುದು ಇದರ ಕೆಲಸ. ಕವಾಟಕ್ಕೆ ಹಾನಿಯಾದವರಿಗೆ ಸಾಮಾನ್ಯವಾಗಿ 40 ವರ್ಷ ತುಂಬುವವರೆಗೆ, ಕೆಲವರಿಗೆ ಅದರ ಆಚೆಗೂ ಬೇಕು. ಬಸಿರಿನಲ್ಲೂ ಕೊಡಬಹುದು. ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆ ಔಷಧಿ ಇದೆ, ಅದನ್ನು ಮೊದಲೇ ಹೇಳಿ. ಚುಚ್ಚಿದ ಜಾಗ ಎರಡು ದಿನ ನೋಯುತ್ತದೆ, ಜೊತೆಗೆ ಅಲರ್ಜಿಯ ಅಪರೂಪದ ಅಪಾಯದ ಭಯದಿಂದ ಊರಿನ ಕ್ಲಿನಿಕ್‌ಗಳಲ್ಲಿ ಕೊಡಲು ಹಿಂಜರಿಯುತ್ತಾರೆ. ಹಾಗಾಗಿ ಜನ ಬಿಟ್ಟುಬಿಡುತ್ತಾರೆ. ತುರ್ತು ಔಷಧಿ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಕಿಸಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಈ ಜವಾಬ್ದಾರಿಯನ್ನು ಅಣ್ಣನಾಗಿ ನೀವೇ ವಹಿಸಿಕೊಳ್ಳಿ. ಉಗಾಂಡದಲ್ಲಿ ಆರಂಭದ ಹಂತದ 818 ಮಕ್ಕಳನ್ನು ಎರಡು ವರ್ಷ ಗಮನಿಸಿದಾಗ, ಇಂಜೆಕ್ಷನ್ ಪಡೆದವರಲ್ಲಿ 0.8% ಮಕ್ಕಳಲ್ಲಿ ಮಾತ್ರ ಕಾಯಿಲೆ ಮುಂದುವರಿಯಿತು, ಪಡೆಯದವರಲ್ಲಿ 8.2%. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ಲಾಭ ಹೃದ್ರೋಗದಲ್ಲಿ ಬೇರೆಲ್ಲೂ ನಾನು ಕಂಡಿಲ್ಲ.

ಮನೆಯ ಮಕ್ಕಳ ಬಗ್ಗೆ. ಕವಾಟದ ಕಾಯಿಲೆ ಅಂಟುವುದಿಲ್ಲ, ಗಂಟಲಿನ ಸ್ಟ್ರೆಪ್ ಅಂಟುತ್ತದೆ. ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮನೆಯಲ್ಲಿ ಬೇಗ ಹರಡುತ್ತದೆ. ನೆಗಡಿ ಕೆಮ್ಮು ಇಲ್ಲದೆ ಏಕಾಏಕಿ ಗಂಟಲು ನೋವು, ಜ್ವರ, ನುಂಗಲು ಕಷ್ಟ, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಂಟು ಇದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸೋಂಕು ಶುರುವಾಗಿ ಒಂಬತ್ತು ದಿನದೊಳಗೆ ಸರಿಯಾದ ಆ್ಯಂಟಿಬಯಾಟಿಕ್ ಶುರುಮಾಡಿದರೆ ರುಮ್ಯಾಟಿಕ್ ಜ್ವರ ತಡೆಯಬಹುದು. ಹತ್ತು ದಿನದ ಪೆನಿಸಿಲಿನ್ ಅಥವಾ ಅಮೋಕ್ಸಿಸಿಲಿನ್ ಬರೆದಿದ್ದರೆ ಹತ್ತೂ ದಿನ ಕೊಡಿ. ಮೂರನೇ ದಿನ ಜ್ವರ ಇಳಿದು ಮಗು ಆಟಕ್ಕೆ ಓಡಿತೆಂದು ನಿಲ್ಲಿಸುವುದೇ ದೊಡ್ಡ ಅಪಾಯ. ಶಾಲೆ, ಅಂಗನವಾಡಿಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಈ ಕಾಯಿಲೆಯನ್ನೂ ನೋಡುತ್ತದೆ, ಅವರು ಬಂದಾಗ ಮನೆಯಲ್ಲಿ ಒಬ್ಬರಿಗೆ ಹೀಗಾಗಿದೆ ಎಂದು ತಿಳಿಸಿ.

ತಂದೆಯವರದ್ದು ಬೇರೆ ಕಥೆ, ತಂಗಿಯ ಕಾಯಿಲೆಗೂ ಅದಕ್ಕೂ ನಂಟಿಲ್ಲ. ಆ ವಯಸ್ಸಿನಲ್ಲಿ ಕ್ಯಾಲ್ಸಿಯಂ ಕಟ್ಟುವುದು ಸಾಮಾನ್ಯವಾಗಿ ಎಡ ಕೆಳಕೋಣೆಯಿಂದ ರಕ್ತ ಹೊರಹೋಗುವ ಅಯೋರ್ಟಿಕ್ ಕವಾಟದಲ್ಲಿ. ಹುಟ್ಟುವಾಗಲೇ ಆ ಕವಾಟಕ್ಕೆ ಮೂರರ ಬದಲು ಎರಡೇ ಪದರ ಇರುವವರು ನೂರಕ್ಕೆ ಒಬ್ಬಿಬ್ಬರಿದ್ದಾರೆ, ಅವರಲ್ಲಿ ಇದು ಬೇಗ ಬರುತ್ತದೆ, ಆ ಜಾತಿಯದು ಮಾತ್ರ ಕೆಲವು ಕುಟುಂಬಗಳಲ್ಲಿ ಕಾಣುತ್ತದೆ. ಕ್ಯಾಲ್ಸಿಯಂ ಎಂದೊಡನೆ ರಾಗಿ ಮುದ್ದೆ, ಹಾಲು ಬಿಡಿಸುವವರಿದ್ದಾರೆ. ಊಟದ ಕ್ಯಾಲ್ಸಿಯಂ ಅಲ್ಲಿ ಹೋಗಿ ಕೂರುವುದಿಲ್ಲ, ಮುದ್ದೆ ತಿನ್ನಲಿ. ಕವಾಟ ದಪ್ಪವಾಗಿದ್ದರೂ ಕಿರಿದಾಗಿರದಿದ್ದರೆ ಎಕೋ ಆಗಾಗ ಮಾಡಿಸುತ್ತ ಇದ್ದರೆ ಸಾಕು. ತೀವ್ರವಾಗಿ ಕಿರಿದಾಗಿದ್ದರೆ ಕವಾಟ ಬದಲಿಸಬೇಕಾಗುತ್ತದೆ. ಫ್ರಾನ್ಸಿನ ಅಲೈನ್ ಕ್ರಿಬಿಯೆ 2002ರಲ್ಲಿ ಮೊದಲು ಮಾಡಿದ, ಎದೆ ತೆರೆಯದೆ ರಕ್ತನಾಳದ ಮೂಲಕ ಕವಾಟ ಹಾಕುವ ಟಾವಿ ವಿಧಾನವೂ ಈಗ ಇದೆ, ಆದರೆ ದುಬಾರಿ. ಹೊಲದಲ್ಲಿ ನಡೆಯುವಾಗ ಕಣ್ಣು ಕತ್ತಲೆಯಾಗಿ ಬೀಳುವುದು, ನಡೆದರೆ ಎದೆ ಹಿಡಿದಂತಾಗುವುದು, ಹೊಸದಾಗಿ ಏದುಸಿರು, ಇವುಗಳಲ್ಲಿ ಒಂದಾದರೂ ಇದ್ದರೆ ಕಾಯದೆ, ತಂಗಿಯನ್ನು ಕರೆದೊಯ್ಯುವ ದಿನವೇ ಅವರಿಗೂ ಒಂದು ಚೀಟಿ ಮಾಡಿಸಿ ಎಕೋ ತೆಗೆಸಿ. ಹಳೆಯ ರಿಪೋರ್ಟ್ ಇದ್ದರೆ ಜೊತೆಗೆ ಒಯ್ಯಿರಿ, ಅಂದಿಗೂ ಇಂದಿಗೂ ಕವಾಟ ಎಷ್ಟು ಬದಲಾಗಿದೆ ಎಂಬುದು ಅದರಿಂದಲೇ ತಿಳಿಯುವುದು.